ಕಾರಿನ ಕಾಯಿಲೆ, ಮಕ್ಕಳಿಗೆ ಬಾಧೆ

ಜುಲೈ ತಿಂಗಳ ಒಂದು ಭಾನುವಾರ ರಾತ್ರಿ ಎಂಟೂವರೆಯ ಹೊತ್ತಿಗೆ ಚಿಕಿತ್ಸಾಲಯದ ಬಾಗಿಲು ಹಾಕುವಾಗ ಪರಿಚಯದ ಕುಟುಂಬವೊಂದು ಬಂದಿತು. ತಂದೆ ಬ್ಯಾಂಕ್ ನೌಕರರು. ಬೆಳ್ತಂಗಡಿಯ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಚಾರ್ಮಾಡಿ ಘಾಟಿಯ ಮೂಲಕ ತಮ್ಮ ಕಾರಿನಲ್ಲಿ ಊರಿಗೆ ಮರಳಿದ್ದರು. ಒಂಬತ್ತು ವರ್ಷದ ಮಗಳಿಗೆ ತಲೆನೋವು, ಎರಡು ಸಲ ವಾಂತಿ. ಐದು ವರ್ಷದ ಮಗ ವಾಂತಿ ಮಾಡಿ ಸುಸ್ತಾಗಿ ತಾಯಿಯ ಹೆಗಲ ಮೇಲೆ ಒರಗಿದ್ದ. ತಾಯಿಗೂ ತಲೆ ಭಾರ. 'ಊಟದಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು ಡಾಕ್ಟ್ರೇ, ಹೋಳಿಗೆ ಜಾಸ್ತಿಯೇ ತಿಂದಿದ್ದಾರೆ' ಎಂದರು ಅಜ್ಜಿ. ಘಾಟಿಯ ತಿರುವುಗಳು, ಹೊಟ್ಟೆ ತುಂಬ ಹೋಳಿಗೆ. ವಾಂತಿಗೆ ಇವೆರಡು ಕಾರಣ ಸಾಕು. ನಾನೂ ಹಾಗೆಯೇ ಭಾವಿಸಿದೆ. ವಾಂತಿ ನಿಲ್ಲುವ ಔಷಧ, ಓಆರ್‌ಎಸ್ ಬರೆದುಕೊಟ್ಟು ಕಳುಹಿಸಿದೆ. ಮರುದಿನ ಮಕ್ಕಳು ಶಾಲೆಗೆ ಹೋದರೆಂದು ಫೋನ್ ಬಂತು.

ಮುಂದಿನ ಭಾನುವಾರ ಅದೇ ಕುಟುಂಬ ಮತ್ತೆ ಬಂತು. ಈ ಸಲ ಹಾಸನಕ್ಕೆ ಹೋಗಿ ಬಂದಿದ್ದರು. ಹೋಳಿಗೆಯೂ ಇಲ್ಲ, ಘಾಟಿಯೂ ಇಲ್ಲ. ಆದರೂ ಚಿಕ್ಕ ಹುಡುಗ ಅರೆನಿದ್ದೆಯಲ್ಲಿದ್ದ, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದ. ಜ್ವರವಿಲ್ಲ, ಕುತ್ತಿಗೆ ಬಿಗಿತವಿಲ್ಲ. ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸಿತು. ಆಗ ತಾಯಿ ಆಡಿದ ಒಂದು ಮಾತು ನನ್ನನ್ನು ಎಚ್ಚರಿಸಿತು. 'ಕಾರು ಹತ್ತಿದರೆ ತಲೆನೋವು ಶುರುವಾಗುತ್ತೆ. ಇಳಿದು ಕಾಫಿ ಕುಡಿಯೋಷ್ಟರಲ್ಲಿ ಹಗುರ ಆಗುತ್ತೆ. ಮತ್ತೆ ಹತ್ತಿದರೆ ಮತ್ತೆ ಹಾಗೇ.'

ಯಾರು ಎಲ್ಲಿ ಕುಳಿತಿದ್ದಿರಿ ಎಂದು ಕೇಳಿದೆ. ಮಂಡಿನೋವಿನ ಅಜ್ಜಿ ಮುಂದೆ, ಮಕ್ಕಳು ಮತ್ತು ತಾಯಿ ಹಿಂದೆ. ಮುಂದೆ ಕುಳಿತ ಇಬ್ಬರಿಗೂ ಏನೂ ಆಗಿರಲಿಲ್ಲ. ಮಳೆಯಿಂದಾಗಿ ಗಾಜುಗಳೆಲ್ಲ ಪೂರ್ತಿ ಏರಿಸಿದ್ದವು. ಕಾರಿನೊಳಗೆ ವಾಸನೆ ಏನಾದರೂ ಇತ್ತೇ? ತಂದೆ ಸ್ವಲ್ಪ ತಡೆದು ಹೇಳಿದರು: 'ಸ್ವಲ್ಪ ಹೊಗೆ ವಾಸನೆ ಇರುತ್ತೆ ಸಾರ್, ಹನ್ನೆರಡು ವರ್ಷದ ಹಳೇ ಗಾಡಿ ಅಲ್ವಾ. ಸೈಲೆನ್ಸರ್ ಎರಡು ತಿಂಗಳಿಂದ ಗೊರಗೊರ ಅಂತಿದೆ. ಜೂನ್‌ನಲ್ಲಿ ಇಬ್ಬರ ಸ್ಕೂಲ್ ಫೀಸು ಬಂತು, ಗ್ಯಾರೇಜಿಗೆ ಬಿಡೋದನ್ನ ಮುಂದಕ್ಕೆ ಹಾಕಿದೆ.'

ಮಕ್ಕಳಿಬ್ಬರಿಗೂ ತಾಯಿಗೂ ಮುಖವಾಡದ ಮೂಲಕ ಆಮ್ಲಜನಕ ಕೊಡುತ್ತ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ದಾರಿಯಲ್ಲಿ ಆಮ್ಲಜನಕ ಪಡೆದ ನಂತರವೂ ಹುಡುಗನ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಂಶ ಇರಬೇಕಾದುದಕ್ಕಿಂತ ಸ್ಪಷ್ಟವಾಗಿ ಹೆಚ್ಚಾಗಿಯೇ ಇತ್ತು. ಎರಡು ದಿನದಲ್ಲಿ ಎಲ್ಲರೂ ಚೇತರಿಸಿಕೊಂಡರು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ನೋಡಿದಾಗ ಸೈಲೆನ್ಸರಿಗೆ ಮುಂಚಿನ ಪೈಪಿನ ಜಾಯಿಂಟು ತುಕ್ಕು ಹಿಡಿದು ತೂತಾಗಿತ್ತು. ಅದರ ಮೇಲ್ಭಾಗದಲ್ಲೇ, ಹಿಂದಿನ ಸೀಟಿನ ಕೆಳಗೆ, ಕಾರಿನ ತಳದ ರಬ್ಬರ್ ಮುಚ್ಚಳವೊಂದು ಬಿದ್ದುಹೋಗಿತ್ತು. ಹೊಗೆಗೆ ಅಷ್ಟು ದಾರಿ ಸಾಕಾಗಿತ್ತು.

ಮೊದಲ ಭಾನುವಾರ ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ. ಆ ತಪ್ಪು ಮನಸ್ಸಿನಲ್ಲಿ ಉಳಿದಿರುವುದರಿಂದಲೇ ಈ ವಾರದ ಅಂಕಣದಲ್ಲಿ ರೋಗ, ಔಷಧಗಳನ್ನು ಬದಿಗಿಟ್ಟು ಮನೆಯ ಕಾರಿನ ಬಗ್ಗೆ ಬರೆಯುತ್ತಿದ್ದೇನೆ.

ವಾಸನೆಯಿಲ್ಲದ ವಿಷ

ಪೆಟ್ರೋಲ್, ಡೀಸೆಲ್, ಸೌದೆ, ಇದ್ದಿಲು ಯಾವುದೇ ಆಗಲಿ ಪೂರ್ತಿ ಉರಿಯದೇ ಹೋದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಲ್ಲಿ ನಮಗೆ ತಿಳಿಯುವ ವಾಸನೆ ಇತರ ವಸ್ತುಗಳದ್ದು. ಹೀಗಾಗಿ ವಾಸನೆ ಇಲ್ಲವೆಂದ ಮಾತ್ರಕ್ಕೆ ವಿಷವೂ ಇಲ್ಲವೆಂದು ತಿಳಿಯುವಂತಿಲ್ಲ.

ನಮ್ಮ ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮಿದುಳು, ಹೃದಯ ಮುಂತಾದ ಅಂಗಗಳಿಗೆ ತಲುಪಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಈ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಟಿಕೆಟ್ ಇಲ್ಲದವರು ಆಕ್ರಮಿಸಿಕೊಂಡು ಇಳಿಯಲೊಲ್ಲದೆ ಕುಳಿತಂತೆ. ಬಸ್ಸು ಓಡುತ್ತಿರುತ್ತದೆ, ತುಂಬಿಯೂ ಇರುತ್ತದೆ. ಆದರೆ ಬರಬೇಕಾದವರು ಬರುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ನಂತರ ತೂಕಡಿಕೆ, ಗೊಂದಲ. ಪ್ರಮಾಣ ಹೆಚ್ಚಾದರೆ ಪ್ರಜ್ಞೆ ತಪ್ಪುವುದು, ಸಾವು. ತೂಕಡಿಕೆ ಬಂದ ಮೇಲೆ ಗಾಜು ಇಳಿಸಬೇಕೆಂಬ ಬುದ್ಧಿಯೂ ಓಡುವುದಿಲ್ಲ. ಈ ವಿಷದ ಅತಿ ದೊಡ್ಡ ಅಪಾಯ ಇದೇ.

ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತಾರೆ. ಅವರ ದೇಹದ ತೂಕಕ್ಕೆ ಹೋಲಿಸಿದರೆ ಒಳಗೆ ಸೇರುವ ಗಾಳಿಯೂ ಹೆಚ್ಚು, ವಿಷವೂ ಹೆಚ್ಚು. ಆದ್ದರಿಂದ ಅದೇ ಕಾರಿನಲ್ಲಿ ಅವರಿಗೆ ಮೊದಲು ಬಾಧೆ ಕಾಣಿಸಿಕೊಳ್ಳುತ್ತದೆ. ಗರ್ಭಿಣಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಾಯಿಯ ರಕ್ತದಿಂದ ವಿಷ ಹೊರಹೋದ ಮೇಲೂ ಗರ್ಭಸ್ಥ ಶಿಶುವಿನಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆ.

ಕೋವಿಡ್ ಕಾಲದಲ್ಲಿ ಅನೇಕರು ಮನೆಗೇ ಆಕ್ಸಿಮೀಟರ್ ಕೊಂಡುಕೊಂಡಿದ್ದೀರಿ. ಈ ವಿಷಪ್ರಾಶನದಲ್ಲಿ ಅದನ್ನು ನಂಬಬೇಡಿ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಯಾವುದು, ಈ ಅನಿಲ ಹೊತ್ತದ್ದು ಯಾವುದು ಎಂದು ಸಾಮಾನ್ಯ ಆಕ್ಸಿಮೀಟರಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ 98, 99 ಎಂದು ತೋರಿಸುತ್ತದೆ. ಅನುಮಾನ ಬಂದರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಕೆಳಗಿಳಿದು ಬಯಲಿನ ಗಾಳಿಗೆ ಬರಬೇಕು. ಮಂಪರು, ಎದೆನೋವು, ನಿಲ್ಲದ ವಾಂತಿ ಇದ್ದರೆ ಬೇರೆ ವಾಹನದಲ್ಲಿ ಆಸ್ಪತ್ರೆಗೆ. ಸಾಮಾನ್ಯ ಗಾಳಿಯಲ್ಲಿ ರಕ್ತದಲ್ಲಿನ ಈ ಅನಿಲ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮುಖವಾಡದಿಂದ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ವೈದ್ಯರ ಬಳಿ ಹೋದಾಗ 'ಕಾರಿನಲ್ಲಿದ್ದಾಗ ಶುರುವಾಯಿತು' ಎಂಬುದನ್ನು ಮರೆಯದೆ ಹೇಳಿ. ನನ್ನಂಥವರಿಗೆ ಅದು ಉಪಕಾರ.

ಹೊಗೆ ಪರೀಕ್ಷೆಯ ಸರ್ಟಿಫಿಕೇಟ್ ಇದೆಯಲ್ಲ ಎಂದು ಕೆಲವರು ಕೇಳಬಹುದು. ಆ ಪರೀಕ್ಷೆಯಲ್ಲಿ ಅಳೆಯುವುದು ಪೈಪಿನ ಹಿಂತುದಿಯಿಂದ ಬರುವ ಹೊಗೆಯನ್ನು. ನಡುದಾರಿಯಲ್ಲಿ ತೂತಾಗಿ ಸೀಟಿನ ಕೆಳಗೆ ಸೋರುವ ಹೊಗೆಯನ್ನು ಅದು ಹುಡುಕುವುದಿಲ್ಲ. ಸೈಲೆನ್ಸರಿನ ಸದ್ದು ಬದಲಾದರೆ, ಒಳಗೆ ಹೊಗೆ ವಾಸನೆ ಬಂದರೆ, ಅದು ಈ ವಾರವೇ ಆಗಬೇಕಾದ ರಿಪೇರಿ ಎಂದು ತಿಳಿಯಿರಿ. ಕರಾವಳಿ ಮತ್ತು ಮಲೆನಾಡಿನ ಕಾರುಗಳಿಗೆ ತುಕ್ಕಿನ ಕಾಟ ಹೆಚ್ಚು. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಕಾರನ್ನು ಮೇಲೆತ್ತಿಸಿ ತಳವನ್ನು ನೋಡಿಸುವುದು ಒಳ್ಳೆಯದು. ಡಿಕ್ಕಿಯ ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಹರಿದಿದ್ದರೆ ಬದಲಿಸಿ. ದೊಡ್ಡ ಸಾಮಾನು ಹಾಕಿ ಡಿಕ್ಕಿ ಬಾಗಿಲನ್ನು ಹಗ್ಗದಿಂದ ಕಟ್ಟಿಕೊಂಡು ಮಕ್ಕಳೊಂದಿಗೆ ದೂರ ಹೋಗುವ ಅಭ್ಯಾಸ ಬೇಡ. ಓಡುವ ಕಾರಿನ ಹಿಂದೆ ಉಂಟಾಗುವ ಗಾಳಿಯ ಸೆಳೆತ ಹೊಗೆಯನ್ನು ಒಳಕ್ಕೆ ಎಳೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು, ಏ.ಸಿ. ಹಾಕಿಕೊಂಡು ಮಗುವನ್ನು ಮಲಗಿಸುವುದಂತೂ ಎಂದಿಗೂ ಕೂಡದು. ಅಂಥ ಶೆಡ್ಡಿನಲ್ಲಿ ಹೊಸ ಕಾರೂ ಕ್ಷೇಮವಲ್ಲ.

ಬೆಲ್ಟ್ ಇದೆ, ಆದರೆ ಬಕಲ್ ಎಲ್ಲಿ?

ನಮ್ಮಲ್ಲಿ ಹೊಸ ಕಾರು ಬಂದೊಡನೆ ಮೊದಲು ಮಾಡಿಸುವ ಕೆಲಸ ಸೀಟ್ ಕವರ್. ಅದರೊಂದಿಗೆ ಹಿಂದಿನ ಸೀಟಿನ ಬಕಲುಗಳು ಕವರಿನ ಕೆಳಗೆ ಮಾಯವಾಗುತ್ತವೆ. ಸೀಟಿನ ಬದಿಯಿಂದ ತೆರೆದುಕೊಳ್ಳುವ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಬಿಗಿಯಾದ ಕವರು ಅದಕ್ಕೂ ಅಡ್ಡಿ. ಇನ್ನು ಕೆಲವು ಕಾರುಗಳಲ್ಲಿ ಬಕಲಿನೊಳಗೆ ಬಿಸ್ಕತ್ತಿನ ಪುಡಿ, ಕಡಲೆಕಾಯಿ ಸಿಪ್ಪೆ, ಒಂದು ರೂಪಾಯಿ ನಾಣ್ಯ ಸೇರಿ 'ಕ್ಲಿಕ್' ಎನ್ನುವುದೇ ಇಲ್ಲ. ಬೆಲ್ಟ್ ಇದ್ದೂ ಇಲ್ಲದಂತೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗಟ್ಟಿ ವಸ್ತುವಿಗೆ ಗುದ್ದಿ ನಿಂತರೆ ಒಳಗಿರುವ ಕಟ್ಟಿಕೊಳ್ಳದ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಇದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದುದಕ್ಕೆ ಸಮ. ತೊಡೆಯ ಮೇಲೆ ಕೂರಿಸಿಕೊಂಡ 10 ಕಿಲೋ ತೂಕದ ಮಗುವನ್ನು ಆ ಕ್ಷಣದಲ್ಲಿ ಹಿಡಿದುಕೊಳ್ಳಲು 200–300 ಕಿಲೋ ಎತ್ತುವಷ್ಟು ಬಲ ಬೇಕಾಗಬಹುದು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡರೆ ಆ ಮಗುವೇ ದೊಡ್ಡವರಿಗೂ ಡ್ಯಾಷ್‌ಬೋರ್ಡಿಗೂ ನಡುವಿನ ದಿಂಬಾಗುತ್ತದೆ. ಕಟುವಾದ ಮಾತು, ಆದರೆ ಹೇಳದೆ ವಿಧಿಯಿಲ್ಲ.

ಹಿಂದೆ ಕುಳಿತವರಿಗೆ ಬೆಲ್ಟ್ ಬೇಡವೆಂಬ ನಂಬಿಕೆ ಓದಿದವರಲ್ಲೂ ಇದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡಾಗ, ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಆ ನಂತರ ಕೆಲವು ವಾರ ಎಲ್ಲರೂ ಅದನ್ನೇ ಮಾತನಾಡಿದರು. ನಮ್ಮೂರಿನ ಕಾರುಗಳಲ್ಲಿ ಹಿಂದಿನ ಬಕಲುಗಳು ಮಾತ್ರ ಇನ್ನೂ ಕವರಿನ ಕೆಳಗೇ ಇವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆಯಿಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವಿದೆ. ದಂಡಕ್ಕಾಗಿ ಅಲ್ಲ, ಅದು ಕಾನೂನಿನಲ್ಲೂ ಇದೆ ಎಂದು ತಿಳಿಸಲು ಹೇಳಿದೆ.

ದೊಡ್ಡವರಿಗಾಗಿ ಮಾಡಿದ ಬೆಲ್ಟು ಸುಮಾರು 145 ಸೆಂ.ಮೀ. ಎತ್ತರ ಬೆಳೆದ ಮೇಲಷ್ಟೇ ಮಗುವಿಗೆ ಸರಿಯಾಗಿ ಹೊಂದುತ್ತದೆ. ಅದಕ್ಕಿಂತ ಚಿಕ್ಕವರಲ್ಲಿ ಪಟ್ಟಿ ಕುತ್ತಿಗೆಗೂ ಹೊಟ್ಟೆಗೂ ಒತ್ತುತ್ತದೆ. ಅಪಘಾತದಲ್ಲಿ ಹೊಟ್ಟೆಯ ಮೇಲೆ ಬಿಗಿದ ಪಟ್ಟಿ ಕರುಳು, ಗುಲ್ಮಗಳಿಗೆ ಗಾಯ ಮಾಡಬಹುದು. ಆ ಎತ್ತರಕ್ಕೆ ಬರುವವರೆಗೆ ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು, ಪುಟ್ಟ ಮಕ್ಕಳಿಗೆ ಮಕ್ಕಳ ಸೀಟು ಬೇಕು. ಹಸುಗೂಸಿನ ಸೀಟು ಕಾರಿನ ಹಿಂಭಾಗಕ್ಕೆ ಮುಖ ಮಾಡಿರಬೇಕು, ಕನಿಷ್ಠ ಒಂದೂಕಾಲು ವರ್ಷದವರೆಗೆ. ಇನ್ನೂ ಹೆಚ್ಚು ಕಾಲವಾದರೆ ಒಳ್ಳೆಯದು. ಮಗುವಿನ ತಲೆ ದೊಡ್ಡದು, ಕುತ್ತಿಗೆ ಎಳಸು. ಹಾಗೆ ಕೂರಿಸಿದರೆ ಗುದ್ದಿದ ಬಲವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಈ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬಾರದು. ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಏರ್‌ಬ್ಯಾಗ್ ನೇರವಾಗಿ ಮಗುವಿನ ತಲೆಯ ಹಿಂಭಾಗಕ್ಕೆ ಬಡಿಯುತ್ತದೆ.

ಬೆಲ್ಟಿನ ಪರೀಕ್ಷೆ ಸುಲಭ. ಪೂರ್ತಿ ಹೊರಗೆಳೆದು ಅಂಚು ಎಳೆ ಬಿಟ್ಟಿದೆಯೇ ನೋಡಿ. ಬಿಟ್ಟರೆ ತಾನಾಗಿ ಸುತ್ತಿಕೊಳ್ಳಬೇಕು. ಒಮ್ಮೆಲೇ ಜಗ್ಗಿದರೆ ಗಕ್ಕನೆ ಹಿಡಿದುಕೊಳ್ಳಬೇಕು. ದೊಡ್ಡ ಅಪಘಾತವಾದ ಕಾರಿನ ಬೆಲ್ಟನ್ನು ನೋಡಲು ಚೆನ್ನಾಗಿದ್ದರೂ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ವಿಚಾರಿಸಲೇಬೇಕು. ಕಾರು ಚಾಲೂ ಮಾಡಿದ ಮೇಲೂ ಏರ್‌ಬ್ಯಾಗಿನ ಸೂಚಕ ದೀಪ ಆರದೆ ಉಳಿದರೆ, ಬೇಕಾದಾಗ ಅದು ತೆರೆಯದೇ ಹೋಗಬಹುದು. ಆ ದೀಪದ ಮೇಲೆ ಸ್ಟಿಕರ್ ಅಂಟಿಸಿದ ಕಾರನ್ನೂ ನಾನು ಕಂಡಿದ್ದೇನೆ!

ಟೈರು, ಬ್ರೇಕು, ದೀಪ

ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ಜಾಗದಲ್ಲಿ ಮಾತ್ರ. ಮನೆಮಂದಿಯೆಲ್ಲ ಆ ನಾಲ್ಕು ಅಂಗೈಗಳ ಮೇಲೆ ಕುಳಿತಿರುತ್ತಾರೆ. ಟೈರಿನ ಗಾಡಿಗಳ ಆಳ 1.6 ಮಿ.ಮೀ.ಗೆ ಇಳಿದರೆ ಆ ಟೈರಿನ ಆಯಸ್ಸು ಮುಗಿಯಿತು. ಇದನ್ನು ತಿಳಿಯಲು ಗಾಡಿಗಳ ತಳದಲ್ಲೇ ಅಲ್ಲಲ್ಲಿ ಚಿಕ್ಕ ದಿಣ್ಣೆಗಳಿರುತ್ತವೆ. ಟೈರಿನ ಮೇಲ್ಮೈ ಸವೆದು ಅದರ ಸಮಕ್ಕೆ ಬಂದರೆ ಬದಲಿಸಬೇಕು. ಸವೆದ ಟೈರು ಮಳೆಯಲ್ಲಿ ನೀರನ್ನು ಹೊರಗೆ ತಳ್ಳಲಾರದೆ ನೀರಿನ ಪದರದ ಮೇಲೆ ಜಾರುತ್ತದೆ. ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆಗಳು ಬಾಗಿ ಬಾಗಿ ಕಾದು, ಬೇಸಿಗೆಯ ಹೆದ್ದಾರಿಯಲ್ಲಿ ಸಿಡಿಯುತ್ತವೆ. ಗಾಳಿ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರು ತಣ್ಣಗಿರುವಾಗ ಅಳೆಯಬೇಕು. ಸ್ಟೆಪ್ನಿಯನ್ನೂ ಅಳೆಯಬೇಕು; ಬಹಳ ಮನೆಗಳಲ್ಲಿ ಅದರ ನೆನಪಾಗುವುದು ಪಂಕ್ಚರ್ ಆದ ಮೇಲೆ. ಟೈರಿನ ಪಕ್ಕೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗಾಡಿಗಳು ಆಳವಾಗಿದ್ದರೂ ವಯಸ್ಸಾದ ರಬ್ಬರು ಬಿರುಕು ಬಿಡುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಶಿರಾಡಿ, ಆಗುಂಬೆಗಳಂಥ ಘಾಟಿಗಳಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಒಳಗೆ ಗುಳ್ಳೆ ಎದ್ದು ಪೆಡಲು ಸ್ಪಂಜಿನಂತೆ ಕೆಳಕ್ಕೆ ಹೋಗುತ್ತದೆ. ಅದನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹತ್ತಿದ ಗೇರಿನಲ್ಲೇ ಇಳಿ ಎನ್ನುವ ಹಳೆಯ ಚಾಲಕರ ಬುದ್ಧಿಮಾತು ಇಂದಿಗೂ ಸರಿ. ಬ್ರೇಕ್ ಹಾಕಿದಾಗ ಕಿರುಚುವ ಸದ್ದು ಬಂದರೆ ಪ್ಯಾಡ್ ಸವೆದಿದೆಯೇ ನೋಡಿಸಿ. ಚಾಲಕರ ಕಾಲಿನ ಬಳಿ ನೀರಿನ ಬಾಟಲಿ, ಮಕ್ಕಳ ಚೆಂಡು, ಜಾರುವ ಮ್ಯಾಟು ಇರಕೂಡದು. ಬ್ರೇಕ್ ಪೆಡಲಿನ ಕೆಳಗೆ ಒಂದು ಬಾಟಲಿ ಉರುಳಿ ಬಂದರೆ ಸರ್ವಿಸ್ ಮಾಡಿಸಿದ ಬ್ರೇಕೂ ಕೆಲಸಕ್ಕೆ ಬಾರದು.

ಹಳೆಯ ಕಾರುಗಳ ಹೆಡ್‌ಲೈಟಿನ ಮುಚ್ಚಳಕ್ಕೆ ನಮ್ಮ ಕಣ್ಣಿನಂತೆಯೇ ಪೊರೆ ಬರುತ್ತದೆ. ಹಳದಿಯಾಗಿ ಮಂಜಾದ ಅದನ್ನು ಪಾಲಿಶ್ ಮಾಡಿಸಬಹುದು. ವೈಪರಿನ ರಬ್ಬರನ್ನು ಪ್ರತಿವರ್ಷ ಮುಂಗಾರಿಗೆ ಮೊದಲು ಬದಲಿಸಿ. ಅದರ ಖರ್ಚು ನನ್ನ ಫೀಸಿಗಿಂತ ಹೆಚ್ಚೇನೂ ಆಗದು.

ಕಾರಿನೊಳಗಿನ ಗಾಳಿ

ಆಸ್ತಮಾ ಇರುವ ಮಕ್ಕಳ ತಂದೆತಾಯಿಗಳು ಮನೆಯ ಹಾಸಿಗೆ, ಪರದೆಗಳ ಬಗ್ಗೆ ತೋರುವ ಕಾಳಜಿಯನ್ನು ಕಾರಿನ ಬಗ್ಗೆ ತೋರುವುದು ಅಪರೂಪ. ಏ.ಸಿ. ಹಾಕಿದ ಮೊದಲ ನಿಮಿಷ ಹಳಸಲು ವಾಸನೆ ಬಂದರೆ ಒಳಗೆ ಬೂಷ್ಟು ಬೆಳೆದಿದೆ ಎಂದರ್ಥ. ಇತ್ತೀಚಿನ ಹೆಚ್ಚಿನ ಕಾರುಗಳಲ್ಲಿ ಗಾಳಿ ಸೋಸುವ ಫಿಲ್ಟರು, ಸಾಮಾನ್ಯವಾಗಿ ಮುಂದಿನ ಎಡಗಡೆಯ ಖಾನೆಯ ಹಿಂದೆ ಇರುತ್ತದೆ. ವರ್ಷಕ್ಕೊಮ್ಮೆ ಬದಲಿಸಬೇಕು, ನಮ್ಮ ಧೂಳಿಗೆ ಅದಕ್ಕೂ ಮುಂಚೆಯೇ ಬೇಕಾಗಬಹುದು. ಮಳೆಗಾಲದಲ್ಲಿ ನೆನೆದ ಮ್ಯಾಟು, ಕಾರ್ಪೆಟ್‌ಗಳನ್ನು ಒಣಗಿಸದಿದ್ದರೆ ಫಿಲ್ಟರು ಬದಲಿಸಿಯೂ ಪ್ರಯೋಜನವಿಲ್ಲ. ದೂರ ಪ್ರಯಾಣದಲ್ಲಿ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಒತ್ತಿಟ್ಟು ಐದು ಜನ ಗಂಟೆಗಟ್ಟಲೆ ಕುಳಿತರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಚಾಲಕರಿಗೆ ಜಡತೆ, ತೂಕಡಿಕೆ ಬರುತ್ತದೆ. ನಡುನಡುವೆ ಹೊರಗಿನ ಗಾಳಿ ಒಳಬರುವಂತೆ ಮಾಡಿ.

ಇಲಿಗಳ ಕಾಟಕ್ಕೆಂದು ಕಾರಿನೊಳಗೆ ನುಸಿಗುಳಿಗೆ ಇಡುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಕೆಂಪು ಕಣಗಳನ್ನು ಒಡೆದು ರಕ್ತಹೀನತೆ, ಕಾಮಾಲೆ ಉಂಟುಮಾಡಬಲ್ಲದು. ಕೊರತೆ ಇದೆಯೆಂದು ಹೆಚ್ಚಿನವರಿಗೆ ತಿಳಿದೇ ಇರುವುದಿಲ್ಲ. ಪುಟ್ಟ ಮಗು ಅದನ್ನು ಪೆಪ್ಪರಮೆಂಟು ಎಂದುಕೊಂಡು ಬಾಯಿಗೆ ಹಾಕಿಕೊಳ್ಳುವುದು ಇನ್ನೊಂದು ಭಯ. ಇಲಿ ಬರುವುದು ಸೀಟಿನ ಸಂದಿಯಲ್ಲಿ ಬಿದ್ದ ತಿಂಡಿಗೆ. ಅದನ್ನು ಗುಡಿಸುವುದೇ ಸರಿಯಾದ ಮದ್ದು.

ಬಿಸಿಲಿನಲ್ಲಿ ನಿಂತ ಕಾರಿನ ವಿಷಯ ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಗಾಜು ಏರಿಸಿದ ಕಾರಿನ ಒಳಗಿನ ಶಾಖ ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಏರುತ್ತದೆ, ಅದರ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಎರಡು ಬೆರಳು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗದು. ಮಕ್ಕಳ ದೇಹ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ಐದು ನಿಮಿಷದ ಕೆಲಸವೆಂದು ಮಗುವನ್ನು ಬಿಟ್ಟು ಅಂಗಡಿಗೆ ಹೋಗಬೇಡಿ. ಮನೆಯ ಮುಂದೆ ನಿಂತ ಕಾರನ್ನೂ ಬೀಗ ಹಾಕಿಯೇ ಇಡಿ. ಆಡಲು ಒಳಗೆ ಹೋದ ಮಕ್ಕಳಿಗೆ ಬಾಗಿಲು ತೆರೆಯಲು ಬರುವುದಿಲ್ಲ. ಕಾರನ್ನು ಹಿಂದಕ್ಕೆ ತೆಗೆಯುವ ಮುನ್ನ ಚಿಕ್ಕ ಮಗು ಯಾರ ಕೈಯಲ್ಲಿದೆ ಎಂದು ಕಣ್ಣಾರೆ ನೋಡಿ. ತಂದೆಗೆ ಟಾಟಾ ಹೇಳಲು ಓಡಿ ಬರುವ ಎರಡು ವರ್ಷದ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ. ಹಿಂದಿನ ಕ್ಯಾಮೆರಾಕ್ಕೆ ಕೆಸರು ಮೆತ್ತಿದ್ದರೆ ಅದರಲ್ಲೂ ಕಾಣುವುದಿಲ್ಲ.

ಶೆಡ್ಡಿನ ಮೂಲೆಯ ಬಾಟಲಿಗಳು

ಮನೆಯಲ್ಲೇ ಕಾರು ನೋಡಿಕೊಳ್ಳುವವರು ಮಿಕ್ಕ ಕೂಲೆಂಟ್, ಬ್ರೇಕ್ ಆಯಿಲ್, ಬ್ಯಾಟರಿ ಆಸಿಡ್‌ಗಳನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುತ್ತಾರೆ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ. ನೋಡಲು ಹಸಿರು, ಕೆಂಪು ಶರಬತ್ತಿನಂತೆ. ಕುಡಿದ ಮಗುವಿಗೆ ಮೊದಲು ಅಮಲೇರಿದಂತಾಗಿ, ಆಮೇಲೆ ಮೂತ್ರಪಿಂಡಗಳು ವಿಫಲವಾಗಬಹುದು. ಇದಕ್ಕೆ ಚಿಕಿತ್ಸೆಯಿದೆ, ಆದರೆ ಬೇಗ ಬಂದವರಿಗೆ. ಯಾವ ದ್ರವ ಕುಡಿಯಿತೋ ಆ ಬಾಟಲಿಯನ್ನೂ ಜೊತೆಗೆ ತನ್ನಿ.

ಪೆಟ್ರೋಲನ್ನು ಟ್ಯಾಂಕಿನಿಂದ ಪೈಪ್ ಹಾಕಿ ಬಾಯಲ್ಲಿ ಎಳೆಯುವುದನ್ನು ಹುಡುಗರು ದೊಡ್ಡವರನ್ನು ನೋಡಿಯೇ ಕಲಿಯುತ್ತಾರೆ. ಅದು ಹೊಟ್ಟೆಗಿಂತ ಶ್ವಾಸಕೋಶಕ್ಕೆ ಸೇರಿದಾಗ ಹೆಚ್ಚು ಅಪಾಯ, ನ್ಯುಮೋನಿಯಾದಂಥ ಉರಿಯೂತ ಉಂಟಾಗುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಅದು ಮತ್ತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸಿಡ್ ಕುಡಿದವರಿಗೂ ಇದೇ ನಿಯಮ.

ಕಾರು ಕಾದು ನಿಂತಾಗ ರೇಡಿಯೇಟರ್ ಮುಚ್ಚಳವನ್ನು ಕೂಡಲೇ ತೆಗೆಯಬೇಡಿ. ನೂರು ಡಿಗ್ರಿಗೂ ಮೀರಿ ಕಾದ ನೀರು, ಆವಿ ಮುಖಕ್ಕೆ ಚಿಮ್ಮುತ್ತದೆ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟು, ಇಂಕು, ಅರಿಶಿನ ಏನನ್ನೂ ಹಚ್ಚಬೇಡಿ.

ಹೊಸ ಕಾಲದ ಒಂದು ಅಪಾಯವನ್ನೂ ಇಲ್ಲಿ ಸೇರಿಸಬೇಕು. ರಿಮೋಟ್ ಕೀಯೊಳಗೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಅಳುವ ಮಗುವಿಗೆ ಕೀ ಗೊಂಚಲು ಕೊಡುವುದು ನಮ್ಮ ರೂಢಿ. ಕೀಯ ಚಿಪ್ಪು ಸಡಿಲವಾಗಿ ಆ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಗೋಡೆಯನ್ನು ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸಿ ಮಲದಲ್ಲಿ ಬರಲಿ ಎಂದು ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಧಾವಿಸಿ. ಸಡಿಲವಾದ ಕೀ ಚಿಪ್ಪನ್ನು ಬದಲಿಸುವುದೂ ಕಾರಿನ ನಿರ್ವಹಣೆಯೇ.

ಖರ್ಚಿನ ಮಾತು

ಸರ್ವಿಸ್ ಬಿಲ್ಲು ಹೊರೆಯೆಂಬುದು ನನಗೂ ಗೊತ್ತು. ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಿಸಲಾಗದವರು ಏನನ್ನು ಮುಂದಕ್ಕೆ ಹಾಕಬಹುದು, ಏನನ್ನು ಹಾಕಬಾರದು ಎಂದು ತಿಳಿದುಕೊಂಡರೆ ಸಾಕು. ಬಾಗಿಲಿನ ಗೀರು, ಪಾಲಿಶ್, ಮ್ಯೂಸಿಕ್ ಸಿಸ್ಟಮ್ ಕಾಯಬಹುದು. ಬ್ರೇಕು, ಟೈರು, ಸ್ಟಿಯರಿಂಗ್, ಬೆಲ್ಟು, ಹೊಗೆ ಸೋರಿಕೆ ಕಾಯಲಾರವು. ಗ್ಯಾಸ್‌ನಲ್ಲಿ ಓಡುವ ಕಾರಿನವರು ಸಿ.ಎನ್.ಜಿ. ಸಿಲಿಂಡರನ್ನು 3 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದನ್ನೂ ಮುಂದೂಡಬಾರದು. ಮಗುವಿನ ಲಸಿಕೆ ಕಾರ್ಡಿನಂತೆ ಕಾರಿಗೂ ಒಂದು ಪುಟ್ಟ ಪುಸ್ತಕವಿರಲಿ. ಯಾವ ತಾರೀಕಿಗೆ ಏನು ಬದಲಿಸಿತು, ಮುಂದೆ ಯಾವಾಗ ಎಂದು ಬರೆದಿಡಿ. ಆ ಬ್ಯಾಂಕ್ ನೌಕರರು ಈಗ ಹಾಗೆ ಮಾಡುತ್ತಿದ್ದಾರೆ. ಸೈಲೆನ್ಸರ್ ಜಾಯಿಂಟಿನ ರಿಪೇರಿಗೆ ಅವರಿಗೆ ಆದ ಖರ್ಚು, ಜಿಲ್ಲಾ ಕೇಂದ್ರದ ಆಸ್ಪತ್ರೆಯ ಒಂದು ದಿನದ ಬಿಲ್ಲಿಗಿಂತ ಕಡಿಮೆ.

ಇಷ್ಟಾದರೂ ದಾರಿಯಲ್ಲಿ ಕಾರು ಕೈಕೊಡಬಹುದು. ಆಗ ಸಾಧ್ಯವಾದಷ್ಟು ಎಡಕ್ಕೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಮಕ್ಕಳನ್ನು ಎಡಗಡೆಯ ಬಾಗಿಲಿನಿಂದಲೇ ಇಳಿಸಿ ರಸ್ತೆಯಂಚಿನ ತಡೆಗೋಡೆಯ ಆಚೆ ನಿಲ್ಲಿಸಿ. ಕೆಟ್ಟ ಕಾರಿನ ಹಿಂದೆ ನಿಂತು ಟೈರು ಬದಲಿಸುವುದನ್ನು ನೋಡುವ ಮಕ್ಕಳ ಮೇಲೆ ಇನ್ನೊಂದು ವಾಹನ ಬರುವುದುಂಟು. ಹೊಳೆಯುವ ತ್ರಿಕೋನವನ್ನು ಸುಮಾರು 50 ಮೀಟರ್ ಹಿಂದೆ ಇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ಆಂಬುಲೆನ್ಸಿಗೆ 108, ಪೊಲೀಸರ ಸಹಿತ ಎಲ್ಲ ತುರ್ತಿಗೂ 112. ಈ ಮೂರು ಸಂಖ್ಯೆಗಳನ್ನು ಮೊಬೈಲಿನಲ್ಲಷ್ಟೇ ಅಲ್ಲದೆ ಒಂದು ಚೀಟಿಯಲ್ಲಿ ಬರೆದು ಕಾರಿನ ಮುಂದಿನ ಖಾನೆಯಲ್ಲಿ, ಟಾರ್ಚಿನ ಪಕ್ಕದಲ್ಲಿ ಇಡಿ.